ಒಂದು ‘ಲೋ’ಗಾಗಿ

ಜಪಾನಿಗೆ ಬಂದ ಏಳು ವರ್ಷಗಳಲ್ಲಿ ನನ್ನನ್ನು ಯಾರೂ ‘ಲೋ’ ಎಂದು ಕರೆದಿರಲಿಲ್ಲ. ಆಫೀಸಿನಲ್ಲಿ ನಾನು ಹೆಸರಿನ ಬಾಲಕ್ಕೆ ‘ಸಾನ್’ ಅಂಟಿಸಿಕೊಂಡ ಮನುಷ್ಯ. ಮನೆಯಲ್ಲಿ ಹೆಂಡತಿಗೆ ‘ರೀ’, ಮಗಳಿಗೆ ‘ಅಪ್ಪಾ’. ಯಾವಾಗಲೋ ಒಮ್ಮೆ ಫೋನ್ ಮಾಡುವ ಮೈಸೂರಿನ ಗೆಳೆಯರು ಕೂಡ ನಲವತ್ತು ದಾಟಿದ ಮೇಲೆ ಅದೇಕೋ ಗೌರವಸ್ಥರಾಗಿ ‘ಏನಪ್ಪಾ’ ಎನ್ನತೊಡಗಿದ್ದರು. ಹಾಗಾಗಿ ಒಂದು ಮಧ್ಯಾಹ್ನ ನಾವಿರುವ ವಾಕೋ ಊರಿನ ಸ್ಟೇಷನ್ ಹತ್ತಿರದ ‘ಕೊಂಬಿನಿ’ ಎಂಬ ಹಗಲುರಾತ್ರಿಯ ಅಂಗಡಿಯಲ್ಲಿ ನನ್ನ ಹಿಂದೆ ಯಾರೋ “ಲೋ... ಲೋ, ಲೋ” ಎಂದಾಗ ನಾನು ಗಕ್ಕನೆ ತಿರುಗಿ “ಏನೋ?” ಎಂದುಬಿಟ್ಟೆ.

ನಿಂತಿದ್ದವನು ಆರಡಿಯ ಗಡ್ಡದ ಆಸಾಮಿ. ತಲೆಯ ಹಿಂಭಾಗದಲ್ಲಿ ಅಂಗೈಯಗಲದ ಹೆಣೆದ ಟೋಪಿ. ಒಂದು ಕೈಯಲ್ಲಿ ಒನಿಗಿರಿ ಎಂಬ ಮೂರು ಮೂಲೆಯ ಅನ್ನದುಂಡೆ, ಇನ್ನೊಂದರಲ್ಲಿ ಆ ಪೊಟ್ಟಣದ ಹಿಂದಿನ ಜಪಾನಿ ಅಕ್ಷರಗಳನ್ನು ಅನುವಾದಿಸುವ ಮೊಬೈಲು. ಅವನು ನನ್ನನ್ನು ಕರೆದಿರಲಿಲ್ಲ. ಅವನು ಇಸ್ರೇಲಿನವನು, ಅವನ ಹೀಬ್ರೂ ಭಾಷೆಯಲ್ಲಿ ‘ಲೋ’ ಅಂದರೆ ‘ಇಲ್ಲ’, ‘ಅಲ್ಲ’, ‘ಊಹೂಂ’ ಎಲ್ಲವೂ. ಅವನ ಧರ್ಮದ ಪ್ರಕಾರ ತಿನ್ನಬಾರದ್ದು ಪ್ರತಿ ಪೊಟ್ಟಣದಲ್ಲೂ ಏನಾದರೊಂದು ಇತ್ತು, ಒಂದೊಂದನ್ನೇ ತಿರುವಿ ಬೇಡವೆನ್ನುತ್ತಿದ್ದ. ಹುಣಸೆಯಂಥ ಹುಳಿಹಣ್ಣಿನ ಒನಿಗಿರಿಯಲ್ಲೂ ಮೀನಿನ ಸಾರ ಬೆರೆಸಿರುತ್ತಾರೆಂದು ಸಸ್ಯಾಹಾರಿಯಾದ ನಾನೂ ಏಳು ವರ್ಷಗಳಿಂದ ಅದೇ ಕಪಾಟಿನ ಮುಂದೆ ಅದೇ ಕೆಲಸ ಮಾಡುತ್ತಿದ್ದೆ. ಪೊಟ್ಟಣ ತಿರುವಿ ಓದುವವರು ಇಡೀ ಅಂಗಡಿಯಲ್ಲಿ ನಾವಿಬ್ಬರೇ.

ನಮ್ಮ ಕಡೆ ‘ಲೋ’ ಎಂದರೆ ಜೀವದ ಗೆಳೆಯನನ್ನು ಕರೆಯುವ ಮಾತು ಎಂದು ನಾನು ನಾಚಿಕೆಯಿಂದಲೇ ವಿವರಿಸಿದೆ. ಅವನು ನಗಲಿಲ್ಲ. “ನಮ್ಮ ಯೆಶಿವಾದಲ್ಲೂ ಅದು ಗೆಳೆಯನಿಗೆ ಹೇಳೋ ಮಾತೇ,” ಎಂದ.

ಅವನು ನಮ್ಮ ಸಂಶೋಧನಾ ಸಂಸ್ಥೆಗೇ ಆ ತಿಂಗಳು ಬಂದ ಭೌತವಿಜ್ಞಾನಿ ಎಂದು ಆಮೇಲೆ ಗೊತ್ತಾಯಿತು. ನಾನು ಅಲ್ಲಿ ಯಂತ್ರಗಳು ಉಗುಳುವ ಅಂಕಿಗಳನ್ನು ಸೋಸುವ ಸಾಫ್ಟ್‌ವೇರ್ ಬರೆಯುವವನು. ಮಧ್ಯಾಹ್ನ ಇಬ್ಬರೂ ಮನೆಯಿಂದ ಡಬ್ಬಿ ತಂದು ಒಂದೇ ಬೆಂಚಿನಲ್ಲಿ ಕೂತು ತಿನ್ನತೊಡಗಿದೆವು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಇಲ್ಲಿ ಬರೆಯುವಾಗ ಏಕವಚನ ಹಾಕಿದ್ದೇನೆ, ಅದು ಅವನು ವಾದ ಮಾಡಿ ಗೆದ್ದುಕೊಂಡದ್ದು.

ಯೆಶಿವಾ ಎಂದರೆ ಅವರ ಧರ್ಮಗ್ರಂಥಗಳನ್ನು ಓದುವ ಪಾಠಶಾಲೆ. ಅವನು ಹದಿನೆಂಟರಿಂದ ಐದು ವರ್ಷ ಇದ್ದದ್ದು ಒಂದು ವಿಶೇಷ ಬಗೆಯದರಲ್ಲಿ. ಹುಡುಗರು ಓದೂ ಓದುತ್ತಾರೆ, ನಡುವೆ ಒಂದೂವರೆ ವರ್ಷ ಸೈನ್ಯದಲ್ಲೂ ದುಡಿಯುತ್ತಾರೆ. ತಮ್ಮ ಜನ ಆ ನೆಲಕ್ಕೆ ಮರಳಿದ್ದು ದೇವರ ಕೆಲಸ, ಅದನ್ನು ಕಾಯುವುದೂ ಓದಿನಷ್ಟೇ ಪವಿತ್ರ ಎಂಬುದು ಅಲ್ಲಿನ ನಂಬಿಕೆ. ಹಾಸ್ಟೆಲಿನ ಕಪಾಟಿನಲ್ಲಿ ವಾರಾಂತ್ಯದ ಬಿಳಿ ಅಂಗಿ, ಅದರ ಪಕ್ಕದಲ್ಲೇ ಹಸಿರು ಸಮವಸ್ತ್ರ. ಬೂಟಿನ ಧೂಳು ಕೊಡವದೆ ನೇರ ಬಂದು ಗ್ರಂಥ ಬಿಚ್ಚುವವರೂ ಇದ್ದರಂತೆ.

ನನಗೆ ವಿಚಿತ್ರವೆನಿಸಿದ್ದು ಅಲ್ಲಿನ ಓದುವ ಕೋಣೆ. ಮುನ್ನೂರು ಜನ ಕೂರುವ ಹಜಾರ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಬೆಂದ ಮೊಟ್ಟೆ ನುಂಗಿ, ಎಲ್ಲರೂ ಜೋಡಿ ಜೋಡಿಯಾಗಿ ಎದುರುಬದುರು ಕೂರುತ್ತಾರೆ. ಒಬ್ಬ ಒಂದು ಸಾಲು ಗಟ್ಟಿಯಾಗಿ ಓದಿ ಅರ್ಥ ಹೇಳುತ್ತಾನೆ, ಎದುರಿನವನು ಅದನ್ನು ಹರಿದು ಹಾಕುತ್ತಾನೆ. ಮೇಜು ಗುದ್ದುತ್ತಾರೆ, ಎದ್ದು ನಿಂತು ಕೂಗುತ್ತಾರೆ. ಗುರುಗಳು ನಡುನಡುವೆ ಓಡಾಡುತ್ತಾ, ಯಾವ ಜೋಡಿ ಮೆತ್ತಗೆ ಮಾತಾಡುತ್ತಿದೆಯೋ ಅದರ ಬಳಿ ನಿಂತು ಮೈ ಹುಷಾರಿಲ್ಲವೇ ಎಂದು ಕೇಳುತ್ತಾರೆ. ಈ ಓದಿನ ಜೊತೆಗಾರನಿಗೆ ‘ಹವ್ರೂತಾ’ ಎಂದು ಹೆಸರು. ವರ್ಷದ ಆರಂಭದಲ್ಲಿ ಒಬ್ಬೊಬ್ಬರೂ ತಮಗೊಬ್ಬ ಹವ್ರೂತಾ ಹುಡುಕಿಕೊಳ್ಳುವ ವಾರವಿರುತ್ತದೆ, ಅದು ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಷ್ಟ ಎಂದ. ತನ್ನ ಹೆಂಡತಿಯನ್ನು ಎರಡನೇ ಭೇಟಿಯಲ್ಲೇ ಒಪ್ಪಿದನಂತೆ, ಹವ್ರೂತಾ ಸಿಗಲು ಹನ್ನೊಂದು ಜನರ ಎದುರು ಕೂತು ಎದ್ದನಂತೆ.

ಕೊನೆಗೆ ಸಿಕ್ಕ ಹನ್ನೆರಡನೆಯವನ ಜೊತೆ ನಾಲ್ಕು ವರ್ಷ ಓದಿದ. ಸೈನ್ಯದಲ್ಲೂ ಇಬ್ಬರೂ ಒಂದೇ ತುಕಡಿ. ಕಳೆದುಹೋದ ವಸ್ತುಗಳ ಕುರಿತ ಅಧ್ಯಾಯವನ್ನು ಓದುತ್ತಿದ್ದಾಗ, ಕೊನೆಯ ಒಂದೇ ಒಂದು ಪುಟ ಉಳಿದಿದ್ದಾಗ, ಆ ಗೆಳೆಯ ಧರ್ಮದ ಗುರುತಿನ ಟೋಪಿ ತೆಗೆದಿಟ್ಟು ಯೆಶಿವಾ ಬಿಟ್ಟು ಹೋದ. ಹನ್ನೊಂದು ವರ್ಷಗಳಿಂದ ಇಬ್ಬರಿಗೂ ಮಾತಿಲ್ಲ. ಆ ದಪ್ಪ ಗ್ರಂಥ ಇವನ ಜೊತೆ ಮೂರು ದೇಶ ಸುತ್ತಿ ವಾಕೋಗೆ ಬಂದಿತ್ತು, ಕೊನೆಯ ಪುಟದಲ್ಲಿ ಹಳೆಯ ಬಸ್ ಟಿಕೆಟ್ ಇತ್ತು.

“ಇಲ್ಲಿ ನನ್ನ ಕೆಲಸ ಬರೋ ವರ್ಷದ ಮಾರ್ಚಿಗೆ ಮುಗಿಯುತ್ತೆ. ಅಷ್ಟರಲ್ಲಿ ಈ ಅಧ್ಯಾಯಾನ ಮತ್ತೆ ಮೊದಲಿಂದ ಓದಿ ಮುಗಿಸಿಯೇ ಮನೆಗೆ ಹೋಗ್ತೀನಿ. ಒಬ್ಬನೇ ಓದಿದರೆ ನಿದ್ದೆ ಬರುತ್ತೆ. ನೀನು ನನ್ನ ಎದುರು ಕೂರಬೇಕು,” ಎಂದ.

“ನನಗೆ ನಿಮ್ಮ ಭಾಷೆ ಬರಲ್ಲ, ನಿಮ್ಮ ದೇವರು ಗೊತ್ತಿಲ್ಲ.”

“ನಾನು ಅರ್ಥ ಹೇಳ್ತೀನಿ. ನೀನು ಅದು ತಪ್ಪು ಅಂತ ಹೇಳು, ಸಾಕು.”

ಬೇರೆ ಧರ್ಮದವನ ಜೊತೆ ಇದನ್ನು ಓದಬಹುದೋ ಬಾರದೋ ಎಂಬ ಬಗ್ಗೆ ಅವರಲ್ಲಿ ಎರಡೂ ಅಭಿಪ್ರಾಯಗಳಿವೆ. ಅವನು ತನ್ನ ಹಳೆಯ ಗುರುಗಳಿಗೆ ಫೋನ್ ಮಾಡಿ ಕೇಳಿದ. ಅವರು ಅರ್ಧ ಗಂಟೆ ಎರಡೂ ಕಡೆ ವಾದಿಸಿ, ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆಯಂತೆ. ಆ ಮನುಷ್ಯ ಎದುರು ಮಾತಾಡುತ್ತಾನಾ? ಇವನು ಧೈರ್ಯವಾಗಿ ಹೌದು ಎಂದನಂತೆ. ಅದು ಶುದ್ಧ ಸುಳ್ಳಾಗಿತ್ತು.

ನಾನು ಹೂಂಗುಟ್ಟುವ ಮನುಷ್ಯ. ಶಾಲೆಯಲ್ಲಿ ಮೇಷ್ಟ್ರು ‘ಅರ್ಥ ಆಯ್ತಾ?’ ಎಂದರೆ ಅರ್ಥವಾಗದಿದ್ದರೂ ‘ಹೂಂ ಸಾರ್’ ಎಂದವರ ಪೈಕಿ. ಆಮೇಲೆ ಬೆಂಗಳೂರಿನ ಕಂಪನಿಯಲ್ಲಿ ಮ್ಯಾನೇಜರಿಗೆ ಹೂಂ. ಜಪಾನಿಗೆ ಬಂದಮೇಲಂತೂ ಸ್ವರ್ಗವೇ ಸಿಕ್ಕಿತು. ಇಲ್ಲಿ ಮೀಟಿಂಗಿನಲ್ಲಿ ಒಬ್ಬ ಮಾತಾಡಿದರೆ ಉಳಿದವರು ಉಸಿರಿಗೊಂದು ‘ಹಾಯ್’ ಎನ್ನುತ್ತಾರೆ. ಕೇಳುತ್ತಿದ್ದೇನೆ ಎಂದು ಅದರರ್ಥ, ಒಪ್ಪಿದ್ದೇನೆ ಎಂದಲ್ಲ. ನಮ್ಮ ಹೂಂ ಕೂಡ ಅದೇ. ನಾನು ಎರಡನ್ನೂ ಬೆರೆಸಿಕೊಂಡು ಸುಖವಾಗಿದ್ದೆ.

ಮೊದಲು ಜಾಗ ಬೇಕಿತ್ತು. ಅವರ ಶನಿವಾರ ಪೂರ್ತಿ ವಿಶ್ರಾಂತಿಯ ದಿನವಾದ್ದರಿಂದ ಭಾನುವಾರ ಬೆಳಿಗ್ಗೆ ಎಂದು ಗೊತ್ತು ಮಾಡಿದೆವು. ಅವನ ಅಪಾರ್ಟ್‌ಮೆಂಟಿನಲ್ಲಿ ಒಂದೇ ವಾರ ಓದಿದ್ದು. ಸೋಮವಾರ ಬಾಗಿಲಿಗೆ ಚೀಟಿ ಬಂತು, ಮನೆಯಲ್ಲಿ ಏನಾದರೂ ತೊಂದರೆಯಿದ್ದರೆ ಸಹಾಯಕ್ಕೆ ಸಿದ್ಧರಿದ್ದೇವೆ ಎಂದು ಪಕ್ಕದ ಮನೆಯವರು ಬಹಳ ವಿನಯದಿಂದ ಬರೆದಿದ್ದರು. ನಮ್ಮ ಮನೆಗೆ ಕರೆದುಕೊಂಡು ಬಂದೆ. ಅವನು ಮೇಜು ಗುದ್ದಿದ ಹೊಡೆತಕ್ಕೆ ಒಂಬತ್ತು ವರ್ಷದ ಮಗಳು ಕೋಣೆಯಿಂದ ಹೊರಬಂದು “ಅಪ್ಪಾ, ಉರುಸಾಯ್” ಎಂದಳು. ಗಲಾಟೆ ಜಾಸ್ತಿಯಾಯಿತು ಎಂದು. ಅಡುಗೆಮನೆಯಿಂದ ಹೆಂಡತಿ, “ರೀ, ಒಂದ್ ಕೆಲ್ಸ ಮಾಡಿ. ಇಬ್ರೂ ಕರಾಓಕೆಗೆ ಹೋಗಿ. ಅಲ್ಲಿ ಕಿರಿಚ್ಕೊಳ್ಳಿ ಅಂತಾನೇ ರೂಮ್ ಕೊಡೋದು,” ಎಂದಳು. ತಮಾಷೆಗೆ ಹೇಳಿದ್ದು. ಅವನಿಗೆ ಅನುವಾದಿಸಿದೆ, ಅವನು ಎದ್ದು ಬೂಟು ಹಾಕಿಕೊಳ್ಳತೊಡಗಿದ.

ಹೀಗೆ ನಮ್ಮ ಯೆಶಿವಾ, ಹಾಡಲು ಗಂಟೆ ಲೆಕ್ಕದಲ್ಲಿ ಕೋಣೆ ಬಾಡಿಗೆ ಕೊಡುವ, ಸ್ಟೇಷನ್ ಪಕ್ಕದ ಕರಾಓಕೆ ಅಂಗಡಿಯ ಮೂರನೇ ಮಹಡಿಯಲ್ಲಿ ಶುರುವಾಯಿತು. ಸದ್ದು ಹೊರಗೆ ಹೋಗದ ಗೋಡೆ, ಸಿಗರೇಟಿನ ಹಳೇ ವಾಸನೆಯ ಸೋಫಾ, ಎರಡು ಮೈಕು, ಒಂದು ಖಂಜಿರ. ಗೋಡೆಯ ಟೀವಿಯಲ್ಲಿ ಹಾಡಿನ ಜಾಹೀರಾತು ಬರುತ್ತಲೇ ಇರುತ್ತಿತ್ತು. ಅದರ ಕೆಳಗೆ ಅವನು ಆ ಗ್ರಂಥ ಬಿಚ್ಚುತ್ತಿದ್ದ. ನಡುವೆ ಮೂಲದ ಚರ್ಚೆ, ಸುತ್ತಲೂ ಬೇರೆಬೇರೆ ಶತಮಾನದವರ ಟಿಪ್ಪಣಿ. ಬಾಳೆಎಲೆಯಲ್ಲಿ ಉಪ್ಪಿಗೊಂದು ಮೂಲೆ, ಕೋಸಂಬರಿಗೊಂದು ಮೂಲೆ ಇರುವಂತೆ ಯಾರು ಎಲ್ಲಿ ಕೂರಬೇಕೆಂದು ಪುಟದಲ್ಲಿ ಗೊತ್ತು ಮಾಡಿತ್ತು. ಸತ್ತವರೂ ಅಲ್ಲಿ ಒಬ್ಬರಿಗೊಬ್ಬರು ಒಪ್ಪಿರಲಿಲ್ಲ.

ಮೊದಲ ಎರಡು ತಿಂಗಳು ದಂಡ. ಅವನು ರಾಗವಾಗಿ ಓದಿ ಅರ್ಥ ಹೇಳುತ್ತಿದ್ದ, ನಾನು “ಹೂಂ” ಎನ್ನುತ್ತಿದ್ದೆ. ಅವನು ಕಾಯುತ್ತಿದ್ದ. ನಾನು ಮತ್ತೆ “ಹೂಂ, ಚೆನ್ನಾಗಿದೆ” ಎನ್ನುತ್ತಿದ್ದೆ. ಒಂದು ದಿನ ಅವನು ಖಂಜಿರ ಎತ್ತಿಕೊಂಡ. ನಾನು ಹೂಂ ಎಂದಾಗಲೆಲ್ಲ ಅದನ್ನು ನನ್ನ ಮೂಗಿನ ಮುಂದೆ ಝಣಝಣ ಬಾರಿಸಿದ. ಎರಡು ಗಂಟೆಯಲ್ಲಿ ಎಷ್ಟು ಸಲವೋ. ನನಗೆ ನಿಜವಾಗಿಯೂ ಸಿಟ್ಟು ಬಂತು.

“ನೀನು ಒಪ್ಪಿದರೆ ನಾನು ಒಬ್ಬನೇ ಕೂತ ಹಾಗೆ. ಗೋಡೆ ಸಾಕು ನನಗೆ,” ಎಂದ.

“ಗೋಡೆ ಜೊತೆಗೇ ಓದು ಹಾಗಾದ್ರೆ,” ಎಂದು ನಾನು ಎದ್ದುಬಂದೆ. ಮನೆಗೆ ಬಂದು ಹೆಂಡತಿಯ ಮುಂದೆ ಹಾರಾಡಿದೆ. ಅವಳು ಬಟ್ಟೆ ಮಡಚುತ್ತಾ, “ನೀವ್ ಹೂಂ ಅಂದ್ರೆ ಕೇಳ್ತಿದೀರೋ ಇಲ್ವೋ ಅಂತ ಹನ್ನೆರಡು ವರ್ಷದಿಂದ ನಂಗೂ ಗೊತ್ತಾಗಿಲ್ಲ. ಪಾಪ, ಅವ್ರಿಗೆ ಎರಡೇ ತಿಂಗಳಲ್ಲಿ ತಲೆ ಕೆಟ್ಟೋಗಿದೆ,” ಎಂದಳು. ನನ್ನ ಹೂಂ ಎಂದರೆ ವಿನಯವೆಂದು ನಾನು ತಿಳಿದಿದ್ದೆ. ಅದು ತಪ್ಪಿಸಿಕೊಳ್ಳುವ ದಾರಿ ಎಂದು ಮನೆಯವಳಿಗೂ ಪರದೇಶದವನಿಗೂ ಗೊತ್ತಿತ್ತು. ಆ ವಾರ ಹಟ ಹಿಡಿದೆ. ಅವನು ಕೊಟ್ಟಿದ್ದ ಇಂಗ್ಲಿಷ್ ಟಿಪ್ಪಣಿಗಳನ್ನು ದಿನಾ ರೈಲಿನಲ್ಲಿ ನಿಂತು ಓದಿದೆ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆಯುವ ನನಗೆ ಇದರಲ್ಲಿ ಒಂದು ತಪ್ಪು ಸಿಗುವುದಿಲ್ಲವೇ ಎಂಬ ಛಲ ಬಂತು.

ಆ ಅಧ್ಯಾಯದ ತಿರುಳು ಇಷ್ಟು. ಬಿದ್ದು ಸಿಕ್ಕ ವಸ್ತು ಸಿಕ್ಕವನದಾಗುವುದು ಯಾವಾಗ? ಕಳೆದುಕೊಂಡವನು ಇನ್ನದು ಸಿಗುವುದಿಲ್ಲವೆಂದು ಆಸೆ ಬಿಟ್ಟಾಗ. ಅಲ್ಲಿಯವರೆಗೆ ಅದು ಅವನದೇ, ಸಿಕ್ಕವನು ಬರೀ ಕಾವಲುಗಾರ, ಹುಡುಕಿ ಒಪ್ಪಿಸುವುದು ಅವನ ಕರ್ತವ್ಯ.

ಮುಂದಿನ ಭಾನುವಾರ ಅವನು ಬಾಯಿ ತೆರೆಯುವ ಮೊದಲೇ ನಾನು “ಲೋ” ಎಂದೆ. “ಹೋದ ತಿಂಗಳು ರೈಲಲ್ಲಿ ಕೊಡೆ ಬಿಟ್ಟೆ. ಬಿಟ್ಟಿದ್ದೇ ನನಗೆ ಗೊತ್ತಿರಲಿಲ್ಲ. ಕಳೆದದ್ದೇ ಗೊತ್ತಿಲ್ಲದವನು ಆಸೆ ಬಿಡೋದು ಹೇಗೆ? ಗೊತ್ತಾದ ಮೇಲೂ ಬಿಡಲಿಲ್ಲ, ಸ್ಟೇಷನ್‌ಗೆ ಹೋಗಿ ಕೇಳಿದೆ, ಚೀಟಿ ಕಟ್ಟಿ ಇಟ್ಟಿದ್ದರು. ಈ ದೇಶದಲ್ಲಿ ಯಾರೂ ಆಸೆ ಬಿಡೋದಿಲ್ಲ. ನಿಮ್ಮ ಅಧ್ಯಾಯಕ್ಕೆ ಇಲ್ಲಿ ಕೆಲಸವೇ ಇಲ್ಲ.”

ಅವನು ಖಂಜಿರವನ್ನು ಸೋಫಾದ ಕೆಳಗೆ ತಳ್ಳಿದ. ಕಳೆದದ್ದು ಗೊತ್ತಿಲ್ಲದವನ ಪ್ರಶ್ನೆಯನ್ನೇ ಹಿಡಿದು ಅವರ ಹಿರಿಯರು ಪುಟಗಟ್ಟಲೆ ಜಗಳವಾಡಿದ್ದಾರೆ ಎಂದು ಗ್ರಂಥ ತಿರುವಿ ತೋರಿಸಿದ. ಅವತ್ತು ನಾವು ಕಿರುಚಾಡಿದ್ದಕ್ಕೆ ನನಗೆ ಎರಡು ದಿನ ಗಂಟಲು ಕಟ್ಟಿತ್ತು. ಆಮೇಲೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಹಿಮ ಬಿದ್ದು ರೈಲು ನಿಂತ ದಿನ ಅವನು ನಡೆದು ಬಂದ, ನಾನೂ ನಡೆದು ಹೋದೆ. ವಾರಕ್ಕೆ ಅರ್ಧ ಪುಟ, ಕೆಲವು ಸಲ ಮೂರೇ ಸಾಲು. ಕೌಂಟರಿನ ಹೆಂಗಸು ನಮ್ಮನ್ನು ನೋಡಿದ ಕೂಡಲೇ ಮೂರನೇ ಮಹಡಿಯ ಮೂಲೆ ಕೋಣೆಯ ಸಂಖ್ಯೆ ಒತ್ತುತ್ತಿದ್ದಳು. ಎಂಥ ಹಾಡು ಅಭ್ಯಾಸ ಮಾಡುತ್ತಿದ್ದೀರಿ ಎಂದು ಒಮ್ಮೆ ಕೇಳಿದಳು. ಬಹಳ ಹಳೆಯದು ಎಂದೆ.

ಶರತ್ಕಾಲದಲ್ಲಿ ಒಂದು ದಿನ ನಾನು ಬಹಳ ದಿನ ನುಂಗಿಕೊಂಡಿದ್ದ ಪ್ರಶ್ನೆ ಕೇಳಿದೆ. ಮರಳಿ ಬಂದದ್ದು ದೇವರ ಕೆಲಸ ಅನ್ನುತ್ತೀರಿ, ಆ ನೆಲದಲ್ಲಿ ಆಗಲೇ ಇದ್ದವರು ಕಳೆದುಕೊಂಡದ್ದಕ್ಕೆ ಈ ಅಧ್ಯಾಯ ಏನು ಹೇಳುತ್ತದೆ? ಅವನ ಮುಖ ಗಂಟಾಯಿತು. ಅವನ ಬಳಿ ಉತ್ತರಗಳಿದ್ದವು, ನನಗೆ ಒಪ್ಪಿಗೆಯಾಗಲಿಲ್ಲ. ಎರಡು ಭಾನುವಾರ ಅದೇ ವಾದ ಮಾಡಿದೆವು. ಅವನು ತನ್ನ ನಂಬಿಕೆ ಬಿಡಲಿಲ್ಲ, ನಾನು ನನ್ನ ಪ್ರಶ್ನೆ ಬಿಡಲಿಲ್ಲ, ಇವತ್ತಿಗೂ ಬಿಟ್ಟಿಲ್ಲ. ಎರಡನೇ ಭಾನುವಾರದ ಕೊನೆಯಲ್ಲಿ ಅವನು ಗ್ರಂಥ ಮುಚ್ಚಿದ.

“ಅವನೂ ಇದನ್ನೇ ಕೇಳಿದ್ದ,” ಎಂದ. ಬಿಟ್ಟುಹೋದ ಗೆಳೆಯನ ಮಾತು. “ಸೈನ್ಯದಿಂದ ವಾಪಸ್ ಬಂದ ಮೇಲೆ. ಕೇಳಿ, ‘ನನಗೆ ಇನ್ನು ಸಾಕು, ಹೊರಟೆ’ ಅಂದ. ನಾಲ್ಕು ವರ್ಷ ಅವನ ಒಂದು ಸಾಲಿಗೂ ನಾನು ತಲೆ ಆಡಿಸಿರಲಿಲ್ಲ. ಅವತ್ತು ಮಾತ್ರ ‘ಸರಿ, ನಿನ್ನಿಷ್ಟ’ ಅಂದುಬಿಟ್ಟೆ. ಅವನು ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದ. ನಾನು ಒಂದು ‘ಲೋ’ ಅಂತೀನಿ ಅಂತ ಕಾಯ್ತಿದ್ದ ಅಂತ ನನಗೆ ಗೊತ್ತಿತ್ತು.”

ನಾನು ಹೂಂ ಕೂಡ ಅನ್ನಲಿಲ್ಲ. ಮನೆಗೆ ನಡೆದು ಬರುವಾಗ ನನಗೆ ಬಹಳ ದುಃಖವಾಯಿತು.

ಮಾರ್ಚ್ ಬಂತು. ಅವನ ವಿಮಾನ ಬುಧವಾರ. ಅದರ ಹಿಂದಿನ ಭಾನುವಾರಕ್ಕೆ ಸರಿಯಾಗಿ ಕೊನೆಯ ಪುಟ ಉಳಿದಿತ್ತು. ಶುಕ್ರವಾರ ಡಬ್ಬಿ ತಿನ್ನುತ್ತಾ ಅವನು, “ಭಾನುವಾರ ಮುಗಿಸೋಣ. ಮುಗಿಸುವಾಗ ಮತ್ತೆ ನಿನ್ನ ಹತ್ತಿರ ಬರ್ತೀವಿ ಅಂತ ಗ್ರಂಥಕ್ಕೆ ಹೇಳಿ ಮುಚ್ಚೋದು ನಮ್ಮ ಪದ್ಧತಿ. ನೀನೂ ಹೇಳಬೇಕು,” ಎಂದ.

“ಲೋ,” ಎಂದೆ.

“ಏನು?”

“ಆ ಪುಟ ನಾನು ಓದಲ್ಲ. ಅದು ನನ್ನದಲ್ಲ.”

ಹದಿನಾಲ್ಕು ತಿಂಗಳು ಹೊತ್ತು ತಂದ ಕೆಲಸ, ಕೊನೆಗೆ ಬಂದು ಕೈ ಎತ್ತುತ್ತೀಯಾ ಎಂದು ಅವನು ರೇಗಿದ. ನಾನು ಚಮಚ ಕೆಳಗಿಟ್ಟೆ. “ಕಳೆದ ವಸ್ತು ಮಾಲೀಕ ಆಸೆ ಬಿಡೋವರೆಗೂ ಅವನದೇ. ನೀನೇ ಕಲಿಸಿದ್ದು. ಆ ಪುಟ ಅವನದು. ಹನ್ನೆರಡು ವರ್ಷದಿಂದ ಕಾವಲು ಕಾಯ್ತಾ ಇದೀಯ. ವಾಪಸ್ ಕೊಡು.”

“ಅವನು ಕಳೆದುಕೊಂಡಿಲ್ಲ, ಗೊತ್ತಿದ್ದೇ ಬಿಸಾಕಿದ. ಬಿಸಾಕಿದ್ದನ್ನ ವಾಪಸ್ ಕೊಡೋ ಕರ್ತವ್ಯ ಇಲ್ಲ.”

“ಸಾಕು ಅಂದ. ಏನು ಸಾಕು ಅಂದ? ಪುಟಾನಾ, ಯೆಶಿವಾನಾ, ನಿನ್ನನ್ನಾ? ಕೇಳಿದ್ಯಾ?”

“ಇಲ್ಲ.”

“ಆಸೆ ಬಿಟ್ಟೆ ಅಂತ ಅವನ ಬಾಯಿಂದ ಕೇಳಿದ್ಯಾ?”

ಜೀವನದಲ್ಲಿ ಯಾರಿಗೂ ಹೀಗೆ ಎದುರು ನಿಂತವನಲ್ಲ ನಾನು. ಅವನು ಒಪ್ಪದೆ ಹೋದರೆ ಅವನ ಪುಟವೂ ಹೋಯಿತು, ನಮ್ಮ ಸ್ನೇಹವೂ ಹೋಯಿತು ಎಂದು ಗೊತ್ತಿತ್ತು. ಆದರೂ ಹಿಂದೆ ಸರಿಯುವ ಮನಸ್ಸಾಗಲಿಲ್ಲ. ಅವನು ಡಬ್ಬಿ ಮುಚ್ಚಿಕೊಂಡು ಎದ್ದುಹೋದ.

ಶನಿವಾರ ಅವನು ಫೋನ್ ಮುಟ್ಟುವುದಿಲ್ಲ. ಕತ್ತಲಾಗಿ ಅವರ ವಿಶ್ರಾಂತಿಯ ದಿನ ಮುಗಿದ ಕೂಡಲೇ ಸಂದೇಶ ಬಂತು. ‘ನಾಳೆ ಬೆಳಿಗ್ಗೆ ಬೇಡ. ಮಧ್ಯಾಹ್ನ ಮೂರಕ್ಕೆ ಬಾ.’ ನಮ್ಮ ಮೂರು ಗಂಟೆಗೆ ಅಲ್ಲಿ ಬೆಳಿಗ್ಗೆ ಎಂಟು.

ಭಾನುವಾರದ ಮಧ್ಯಾಹ್ನವಾದ್ದರಿಂದ ಅಂಗಡಿ ತುಂಬಿತ್ತು. ಒಂದೇ ಒಂದು ಗಂಟೆಯ ಮಟ್ಟಿಗೆ ಕೋಣೆ ಸಿಕ್ಕಿತು. ಅವನು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಗ್ರಂಥ ಬಿಚ್ಚಿ, ಬಸ್ ಟಿಕೆಟ್ ಪಕ್ಕಕ್ಕಿಟ್ಟು, ಫೋನನ್ನು ಮೇಜಿನ ಮೇಲಿಟ್ಟುಕೊಂಡು ನಲವತ್ತು ನಿಮಿಷ ಸುಮ್ಮನೆ ಕೂತ. ನಾನೂ ಅವಸರ ಮಾಡಲಿಲ್ಲ. ಟೀವಿಯಲ್ಲಿ ಐದಾರು ಹುಡುಗಿಯರು ಕುಣಿಯುತ್ತಲೇ ಇದ್ದರು. ಕೊನೆಗೆ ಸಂಖ್ಯೆ ಒತ್ತಿ ಸ್ಪೀಕರಿಗೆ ಹಾಕಿದ.

ಆ ಕಡೆಯಿಂದ ಗಡಸು ಗಂಡಸಿನ ದನಿ ಬಂತು. ಇವನು ಹೆಸರು ಹೇಳಿದ. ಇವನು ಕ್ಷೇಮ ವಿಚಾರಿಸಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಪುಟದ ಸಂಖ್ಯೆ ಹೇಳಿ, ಮೊದಲ ಸಾಲನ್ನು ನನಗೆ ಪರಿಚಿತವಾದ ಅದೇ ರಾಗದಲ್ಲಿ ಓದಿ ಅರ್ಥ ಹೇಳತೊಡಗಿದ.

ಅಷ್ಟರಲ್ಲಿ ಗೋಡೆಯ ಫೋನ್ ರಿಂಗಾಯಿತು. ಎತ್ತಿಕೊಂಡೆ. ಇನ್ನು ಹತ್ತು ನಿಮಿಷ ಇದೆ ಎಂದು ಕೌಂಟರಿನ ಹೆಂಗಸು ಹೇಳಿದಳು. ಸಮಯ ಮುಂದುವರಿಸಿ ಎಂದೆ. ಇವತ್ತು ಜನ ಕಾಯುತ್ತಿದ್ದಾರೆ, ಸುಮಿಮಾಸೆನ್, ಕ್ಷಮಿಸಬೇಕು ಎಂದಳು. ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಮುಂದುವರಿಸಿ ಎಂದು ಕೇಳಿರಲಿಲ್ಲ, ಇವತ್ತೊಂದು ದಿನ ಬೇಕೇ ಬೇಕು ಎಂದೆ. ಜಪಾನಿಯಲ್ಲಿ ಯಾರ ಜೊತೆಗೂ ಹಾಗೆ ಪಟ್ಟು ಹಿಡಿದವನಲ್ಲ. ಅವಳು ಯಾರನ್ನೋ ಕೇಳಿ ಬಂದು, ಎಷ್ಟು ಹೊತ್ತು ಬೇಕು ಎಂದಳು.

ಗೋಡೆಗೆ ಮುಖ ಮಾಡಿ ನಿಂತಿದ್ದೆ. ಆಗ ನನ್ನ ಹಿಂದೆ, ಮೇಜಿನ ಮೇಲಿನ ಫೋನಿನೊಳಗಿಂದ, ಗಡಸು ದನಿ ನಡುವೆ ಬಾಯಿ ಹಾಕಿತು.

“ಲೋ,” ಎಂದಿತು. ಒಂದು ಕ್ಷಣ ಬಿಟ್ಟು, ಜೋರಾಗಿ, “ಲೋ, ಲೋ.”

ಈ ಸಲ ನಾನು ತಿರುಗಿ ನೋಡಲಿಲ್ಲ. ಕರೆದದ್ದು ಅವನನ್ನು.